ಕಾಲಿಲ್ಲದ ಕೋಶಗಳ ಓಟ

1883ರಲ್ಲಿ ಬೆಂಗಳೂರು ದಂಡಿಗೆ ವೈದ್ಯಾಧಿಕಾರಿಯಾಗಿ ಬಂದ ರೊನಾಲ್ಡ್ ರಾಸ್ ಅವರಿಗೆ ಕಂಟೋನ್ಮೆಂಟಿನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅವರು ಅದನ್ನು ಬೋರಲು ಹಾಕಿದರು, ಕಾಟ ತಗ್ಗಿತು. ಮಲೇರಿಯ ಹರಡುವುದು ಸೊಳ್ಳೆಯಿಂದ ಎಂದು ಅವರು ಸಿಕಂದರಾಬಾದ್ ಮತ್ತು ಕಲ್ಕತ್ತಗಳಲ್ಲಿ ತೋರಿಸಿಕೊಟ್ಟದ್ದು ಅನಂತರ, 1897-98ರಲ್ಲಿ. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಸೊಳ್ಳೆಯ ಜೊಲ್ಲಿನೊಡನೆ ನಮ್ಮ ಚರ್ಮಕ್ಕಿಳಿಯುವ ಮಲೇರಿಯ ಪರಜೀವಿಯ ರೂಪಕ್ಕೆ ಸ್ಪೋರೊಜಾಯಿಟ್ ಎಂದು ಹೆಸರು. ಕೇವಲ 10 ಮೈಕ್ರೋಮೀಟರ್ ಉದ್ದದ ಈ ಕೋಶಕ್ಕೆ ಕಾಲಿಲ್ಲ, ಬಾಲವಿಲ್ಲ. ಆದರೂ ಅದು ಸೆಕೆಂಡಿಗೆ 1ರಿಂದ 2 ಮೈಕ್ರೋಮೀಟರ್ ಸರಿಯುತ್ತಾ ರಕ್ತನಾಳವನ್ನು ತಲುಪುತ್ತದೆ. ಅದನ್ನು ಹಿಡಿಯಬೇಕಾದ ನಮ್ಮ ಬಿಳಿ ರಕ್ತಕಣದ ವೇಗವಾದರೋ ನಿಮಿಷಕ್ಕೆ ಸುಮಾರು 10 ಮೈಕ್ರೋಮೀಟರ್! ಎರಡರ ಚಲನೆಗೂ ಬೇಕಾದದ್ದು ಆಕ್ಟಿನ್ ಎಂಬ ಪ್ರೋಟೀನೇ. ಹಾಗಾದರೆ ಇಷ್ಟು ಅಂತರವೇಕೆ?

ಮೊದಲು ಬಿಳಿ ರಕ್ತಕಣವನ್ನು ನೋಡೋಣ. ಆಕ್ಟಿನ್ ಅಣುಗಳು ಮಣಿಗಳಂತೆ ಪೋಣಿಸಿಕೊಂಡು ಸುಮಾರು 7 ನ್ಯಾನೋಮೀಟರ್ ದಪ್ಪದ ಎಳೆಗಳಾಗುತ್ತವೆ. ಒಂದು ಮಣಿ ಸೇರಿದರೆ ಎಳೆ 2.7 ನ್ಯಾನೋಮೀಟರ್ ಬೆಳೆಯುತ್ತದೆ. ಕೋಶಪೊರೆ ಉಷ್ಣಚಲನೆಯಿಂದ ಸದಾ ಅದುರುತ್ತಿರುತ್ತದೆ. ಅದು ಕೊಂಚ ಮುಂದೆ ಸರಿದಾಗ ಎಳೆಯ ತುದಿಗೆ ಹೊಸ ಮಣಿ ಸೇರುತ್ತದೆ. ಪೊರೆ ಹಿಂದಕ್ಕೆ ಬರಲಾರದು. ಹಿಮ್ಮುಖ ತಿರುಗದಂತೆ ರಾಟೆಗೆ ಇಟ್ಟ ತಡೆಹಲ್ಲಿನಂತೆ ಇದು. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 10 ಮೈಕ್ರೋಮೀಟರ್ ಸಾಗಲು ಒಂದೊಂದು ಎಳೆಗೂ ಸೆಕೆಂಡಿಗೆ ಸುಮಾರು 60 ಮಣಿಗಳು ಬೇಕು.

ಆದರೆ ಎಳೆಗಳು ಕಂಡಕಂಡ ಕಡೆ ಬೆಳೆದರೆ ಕೋಶ ಎಲ್ಲಿಗೂ ಹೋಗದು. ಎಲ್ಲಿ ಕಟ್ಟಬೇಕು, ಎಲ್ಲಿ ಕೆಡವಬೇಕು ಎಂಬುದನ್ನು ನಿರ್ಧರಿಸುವುದು ನಿಯಂತ್ರಕ ಪ್ರೋಟೀನುಗಳು. ಪ್ರೊಫಿಲಿನ್ ಮಣಿಗಳನ್ನು ಒದಗಿಸುತ್ತದೆ. ಆರ್ಪ್2/3 ಸಂಕೀರ್ಣವು ಹಳೆಯ ಎಳೆಯಿಂದ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಹೊರಡಿಸುತ್ತದೆ. ಕೋಫಿಲಿನ್ ಹಳೆಯ ಎಳೆಗಳನ್ನು ಕತ್ತರಿಸಿ, ಮಣಿಗಳು ಮರುಬಳಕೆಗೆ ಸಿಗುವಂತೆ ಮಾಡುತ್ತದೆ. ಆರ್ಪ್2/3 ಅನ್ನು ಎಚ್ಚರಿಸುವ 'ವಾಸ್ಪ್' ಪ್ರೋಟೀನಿನ ಜೀನ್ ಕೆಟ್ಟರೆ ಬರುವುದು ವಿಸ್ಕಾಟ್-ಆಲ್ಡ್ರಿಚ್ ರೋಗ. ಬಹುತೇಕ ಗಂಡುಮಕ್ಕಳಿಗೇ ಬರುವ ಈ ರೋಗದಲ್ಲಿ ಬಿಳಿ ರಕ್ತಕಣಗಳ ಚಲನೆ ಕುಂದಿ, ಸೋಂಕುಗಳು ಮರುಕಳಿಸುತ್ತವೆ.

ಸ್ಪೋರೊಜಾಯಿಟ್‌ನ ದಾರಿ ಬೇರೆ. ಅದರಲ್ಲಿ ಆರ್ಪ್2/3 ಇಲ್ಲವೇ ಇಲ್ಲ. ಫಾರ್ಮಿನ್ ಎಂಬ ನಿಯಂತ್ರಕ ಮೊದಲುಮಾಡುವ ಎಳೆಗಳೂ ಗಿಡ್ಡ. ಅವು ಪೊರೆಯನ್ನು ತಳ್ಳುವುದಿಲ್ಲ. ಪೊರೆಯ ಕೆಳಗಿರುವ ಮಯೋಸಿನ್ ಮೋಟಾರುಗಳು ಎಳೆಗಳನ್ನು ಹಿಂದಕ್ಕೆ ಎಳೆಯುತ್ತವೆ; ಪೊರೆಯನ್ನು ದಾಟಿ ನಿಂತ ಅಂಟುಪ್ರೋಟೀನು ಆ ಎಳೆಗಳನ್ನು ಹೊರಗಿನ ನೆಲೆಗೆ ಬಿಗಿಯುತ್ತದೆ. ದಡಕ್ಕೆ ಕಟ್ಟಿದ ಹಗ್ಗವನ್ನು ದೋಣಿಯಲ್ಲಿ ಕುಳಿತು ಎಳೆದರೆ ದೋಣಿ ಮುಂದೆ ಸಾಗುತ್ತದಲ್ಲವೆ? ಹಾಗೆಯೇ ಇದು. ಇಲ್ಲಿ ವೇಗ ಮೋಟಾರಿನದು, ಮಣಿ ಪೋಣಿಸುವ ಕೆಲಸದ್ದಲ್ಲ.

ಹಾಗೆಂದು ನಿಯಂತ್ರಕಗಳು ಮುಖ್ಯವಲ್ಲವೆಂದಲ್ಲ. ಮಲೇರಿಯ ಪರಜೀವಿಯ ಪ್ರೊಫಿಲಿನ್‌ನಲ್ಲಿ ನಮ್ಮ ಪ್ರೊಫಿಲಿನ್‌ಗಿಲ್ಲದ ಒಂದು ಚಾಚು ಇದೆ. ಆ ಚಾಚಿನಲ್ಲಿ ಸಣ್ಣ ಮಾರ್ಪಾಟು ಮಾಡಿದರೆ ಸ್ಪೋರೊಜಾಯಿಟ್‌ಗಳ ಓಟ ನಿಧಾನವಾಗುತ್ತದೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ನಮ್ಮ ಕೋಶಗಳನ್ನು ಬಾಧಿಸದೆ ಪರಜೀವಿಯನ್ನಷ್ಟೇ ತಡೆಯುವ ಔಷಧವನ್ನು ಹುಡುಕುವವರಿಗೆ ಇಂಥ ವ್ಯತ್ಯಾಸಗಳೇ ಸುಳಿವು.

ಕೋಶಗಳ ಚಲನೆಯನ್ನು ತರಗತಿಯಲ್ಲೂ ನೋಡಬಹುದು. ಹಲಸೂರು ಕೆರೆಯಂಥ ನಿಂತ ನೀರಿನ ತಳದ ಕೆಸರಿನಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಡಿ ಇಡಿ. ಅಮೀಬ ಸಿಕ್ಕರೆ ಅದು ಸರಿದ ದೂರ, ಹಿಡಿದ ಸಮಯ ಗುರುತಿಸಿ ವೇಗವನ್ನು ಕಂಡುಹಿಡಿಯಿರಿ. ಅದರ ಮಿಥ್ಯಾಪಾದದಲ್ಲಿ ದುಡಿಯುತ್ತಿರುವುದೂ ಆಕ್ಟಿನ್ನೇ.