ನಿರಾಶ್ರಿತರ ಜೊತೆ ನಿಂತ ನಗರಸಭೆ: ಪೋಲೆಂಡಿನ ಪ್ಶೆಮಿಶ್ಲ್ ಕಲಿಸುವ ಪಾಠ

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ಆರಂಭಿಸಿತು. ಆ ದಿನಗಳಲ್ಲಿ ಯೂರೋಪಿನ ಹತ್ತಾರು ನಗರಸಭೆಗಳು ತಮ್ಮ ಕಟ್ಟಡಗಳ ಮೇಲೆ ಉಕ್ರೇನಿನ ನೀಲಿ-ಹಳದಿ ಬಾವುಟ ಹಾರಿಸಿದವು, ರಾತ್ರಿ ಅದೇ ಬಣ್ಣದ ದೀಪ ಬೆಳಗಿಸಿದವು. ನಮ್ಮ ಪತ್ರಿಕೆಗಳಲ್ಲೂ ಆ ಚಿತ್ರಗಳು ಬಂದವು. ಒಂದು ಊರಿನ ಆಡಳಿತ ಪರದೇಶದ ಜನರಿಗೆ ಬೆಂಬಲ ಸೂಚಿಸುವುದೆಂದರೆ ಇಷ್ಟೇ ಏನು? ಬಾವುಟ ಹಾರಿಸಿದ ಮರುದಿನ ಆ ಜನರೇ ಮಕ್ಕಳನ್ನು ಎತ್ತಿಕೊಂಡು ರೈಲು ನಿಲ್ದಾಣದಲ್ಲಿ ಬಂದಿಳಿದರೆ ಆಗ ಮಾಡಬೇಕಾದುದು ಏನು?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಪೋಲೆಂಡಿನ ಆಗ್ನೇಯ ಮೂಲೆಯಲ್ಲಿರುವ ಪ್ಶೆಮಿಶ್ಲ್ ಎಂಬ ಊರನ್ನು ನೋಡಬೇಕು. ಅಲ್ಲಿ ನಡೆದುದನ್ನು ನಮ್ಮ ಓದುಗರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಊರು ಯಾವುದು?

ಪ್ಶೆಮಿಶ್ಲ್ ದೊಡ್ಡ ನಗರವೇನಲ್ಲ. ಜನಸಂಖ್ಯೆ ಸುಮಾರು 60 ಸಾವಿರ. ಉಕ್ರೇನಿನ ಗಡಿ ಇಲ್ಲಿಂದ ಹದಿನೈದು ಕಿಲೋಮೀಟರಿನೊಳಗೇ ಇದೆ. ಮೆಡಿಕಾ ಎಂಬ ಹಳ್ಳಿಯ ಬಳಿ ಗಡಿ ದಾಟುವ ಠಾಣೆ. ಆಚೆ ಕಡೆಯ ದೊಡ್ಡ ನಗರ ಲ್ವಿವ್ ನೂರು ಕಿಲೋಮೀಟರಿನೊಳಗೆ ಸಿಗುತ್ತದೆ.

ಈ ಊರಿಗೆ ಇನ್ನೊಂದು ವಿಶೇಷವಿದೆ. ಉಕ್ರೇನಿನ ರೈಲು ಹಳಿಗಳ ಅಗಲ 1520 ಮಿಲಿಮೀಟರ್, ಪೋಲೆಂಡಿನದು 1435 ಮಿಲಿಮೀಟರ್. ಪ್ಶೆಮಿಶ್ಲ್ ನಿಲ್ದಾಣದವರೆಗೆ ಅಗಲದ ಹಳಿಯೂ ಬಂದಿರುವುದರಿಂದ ಉಕ್ರೇನಿನ ರೈಲುಗಳು ನೇರವಾಗಿ ಇಲ್ಲಿಗೆ ಬರಬಲ್ಲವು. ಇಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು. ಹಾಗಾಗಿ ಯುದ್ಧ ಶುರುವಾದೊಡನೆ ಲಕ್ಷಾಂತರ ಜನರ ದಾರಿ ಈ ಸಣ್ಣ ನಿಲ್ದಾಣದ ಮೂಲಕವೇ ಹಾದುಹೋಯಿತು.

ಮೊದಲ ವಾರಗಳು

ಉಕ್ರೇನಿನಲ್ಲಿ ಸೇನಾ ಕಾನೂನು ಜಾರಿಯಾಗಿ, 18ರಿಂದ 60 ವರ್ಷದ ಗಂಡಸರು ಸಾಮಾನ್ಯವಾಗಿ ದೇಶ ಬಿಡುವಂತಿರಲಿಲ್ಲ. ಹೀಗಾಗಿ ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ವೃದ್ಧರು. ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗದ ಲೆಕ್ಕದಂತೆ ಮಾರ್ಚ್ ಮೂರನೆಯ ವಾರದ ಹೊತ್ತಿಗೆ ಪೋಲೆಂಡಿಗೆ ಗಡಿ ದಾಟಿ ಬಂದವರು 20 ಲಕ್ಷ. ಎರಡನೆಯ ಮಹಾಯುದ್ಧದ ನಂತರ ಯೂರೋಪು ಇಷ್ಟು ವೇಗದ ವಲಸೆಯನ್ನು ಕಂಡಿರಲಿಲ್ಲ.

ಕೇಂದ್ರ ಸರಕಾರದ ಆದೇಶ, ಹಣ, ಕಾನೂನು ಎಲ್ಲ ಬರುವ ಮೊದಲೇ ಜನ ಬಂದಿಳಿದಿದ್ದರು. ಮೇಯರ್ ವೊಯ್ಚೆಹ್ ಬಾಕುನ್ ಅವರ ಆಡಳಿತ ತನ್ನ ಕೈಯಲ್ಲಿದ್ದುದನ್ನು ಬಳಸಿತು. ಶಾಲೆಗಳ ವ್ಯಾಯಾಮ ಕೊಠಡಿಗಳಲ್ಲಿ ಹಾಸಿಗೆ ಹಾಕಲಾಯಿತು. ಮುಚ್ಚಿಹೋಗಿದ್ದ ಟೆಸ್ಕೋ ಅಂಗಡಿಯ ವಿಶಾಲ ಕಟ್ಟಡ ಸ್ವಾಗತ ಕೇಂದ್ರವಾಯಿತು. ಯಾರು ಯಾವ ಊರಿಗೆ ಹೋಗಬೇಕು, ಯಾವ ವಾಹನದಲ್ಲಿ ಜಾಗವಿದೆ ಎಂದು ಅಲ್ಲಿ ಹೊಂದಿಸಿ ಕಳುಹಿಸುತ್ತಿದ್ದರು. ಗಡಿ ಠಾಣೆಗಳಲ್ಲಿ ಕಾರಿತಾಸ್ ಸಂಸ್ಥೆ ಡೇರೆ ಹಾಕಿ ಬಿಸಿ ಊಟ, ಚಹಾ, ಮಕ್ಕಳ ಬಟ್ಟೆ ಹಂಚಿತು. ಸಾವಿರಾರು ಕುಟುಂಬಗಳು ಗುರುತು ಪರಿಚಯವಿಲ್ಲದವರನ್ನು ಮನೆಗೆ ಕರೆದೊಯ್ದವು.

ಪ್ಶೆಮಿಶ್ಲ್‌ನಲ್ಲಷ್ಟೇ ಅಲ್ಲ. ಲುಬ್ಲಿನ್ ನಗರದಲ್ಲಿ ಆಕ್ರಮಣದ ಮೊದಲ ದಿನವೇ ನಗರಾಡಳಿತವೂ ಸ್ವಯಂಸೇವಾ ಸಂಸ್ಥೆಗಳೂ ಸೇರಿ ನೆರವಿನ ಸಮಿತಿ ರಚಿಸಿದವು. ರಾಜಧಾನಿ ವಾರ್ಸಾಗೆ ಕೆಲವೇ ವಾರಗಳಲ್ಲಿ ಸುಮಾರು ಮೂರು ಲಕ್ಷ ಜನ ಬಂದರೆಂದು ಅಲ್ಲಿನ ಮೇಯರ್ ರಫಾವ್ ತ್ಶಾಸ್ಕೋವ್ಸ್ಕಿ ಅಂದಾಜು ಹೇಳಿದರು. 2022ರಲ್ಲಿ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಮೊದಲು ಝೆಶುಫ್ ನಗರಕ್ಕೆ, ನಂತರ ಪ್ಶೆಮಿಶ್ಲ್‌ಗೆ 'ರಕ್ಷಕ ನಗರ' ಎಂಬ ಬಿರುದು ನೀಡಿ ಗೌರವಿಸಿದರು.

ಹಳೆಯ ಗಾಯ

ಇದನ್ನು ಕೇವಲ ದಾನಧರ್ಮದ ಕಥೆಯೆಂದು ತಿಳಿದರೆ ಮುಖ್ಯವಾದುದು ತಪ್ಪಿಹೋಗುತ್ತದೆ. ಏಕೆಂದರೆ ಪೋಲರಿಗೂ ಉಕ್ರೇನಿಯನ್ನರಿಗೂ ಈ ಪ್ರದೇಶದಲ್ಲಿ ಹಳೆಯ ವೈರವಿತ್ತು. 1943ರಲ್ಲಿ ವೊಲ್ಹೀನಿಯಾ ಪ್ರಾಂತ್ಯದಲ್ಲಿ ಉಕ್ರೇನಿಯನ್ ದಂಗೆಕೋರ ಸೇನೆ ಹತ್ತಾರು ಸಾವಿರ ಪೋಲರನ್ನು ಕೊಂದಿತು. 1947ರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರಕಾರ 'ವಿಸ್ತುಲಾ ಕಾರ್ಯಾಚರಣೆ' ಎಂಬ ಹೆಸರಿನಲ್ಲಿ ಸುಮಾರು 1,40,000 ಉಕ್ರೇನಿಯನ್ನರನ್ನೂ ಲೆಮ್ಕೊ ಜನರನ್ನೂ ಮನೆಗಳಿಂದ ಎಬ್ಬಿಸಿ ದೇಶದ ಇನ್ನೊಂದು ತುದಿಗೆ ಸಾಗಿಸಿತು. ಪ್ಶೆಮಿಶ್ಲ್‌ನ ಗ್ರೀಕ್ ಕಥೋಲಿಕ ಧರ್ಮಾಧ್ಯಕ್ಷ ಯೊಸಾಫತ್ ಕೊತ್ಸಿಲೋವ್ಸ್ಕಿಯವರನ್ನು ಬಂಧಿಸಿ ಸೋವಿಯತ್ ಅಧಿಕಾರಿಗಳಿಗೆ ಒಪ್ಪಿಸಲಾಯಿತು. ಅವರು 1947ರಲ್ಲಿ ಸೆರೆಯಲ್ಲೇ ಮಡಿದರು. 2001ರಲ್ಲಿ ಅವರು ಪುನೀತರ ಸಾಲಿಗೆ ಸೇರಿದರು.

ಧರ್ಮಸಭೆಯ ಒಳಗೂ ಜಗಳ ತಪ್ಪಲಿಲ್ಲ. ಈ ಊರಿನಲ್ಲಿ ಲ್ಯಾಟಿನ್ ವಿಧಿಯ ಕಥೋಲಿಕರೂ ಇದ್ದಾರೆ, ಬೈಜಾಂಟೈನ್ ವಿಧಿಯ ಗ್ರೀಕ್ ಕಥೋಲಿಕರೂ ಇದ್ದಾರೆ. ಇಬ್ಬರೂ ಪೋಪರನ್ನೇ ತಮ್ಮ ಪರಮ ಗುರುವೆಂದು ನಂಬುವವರು. ಎರಡನೆಯ ಮಹಾಯುದ್ಧದವರೆಗೆ ಗ್ರೀಕ್ ಕಥೋಲಿಕರ ಪ್ರಧಾನಾಲಯವಾಗಿದ್ದ ಕಾರ್ಮೆಲ್ ಇಗರ್ಜಿಯನ್ನು ಅವರಿಗೆ ಹಿಂತಿರುಗಿಸುವ ಮಾತು 1991ರಲ್ಲಿ ಬಂದಾಗ, ಊರಿನ ಕೆಲವು ಪೋಲಿಷ್ ಕಥೋಲಿಕರು ಒಳಗೆ ಕುಳಿತು ಬಿಟ್ಟುಕೊಡಲು ಒಪ್ಪಲಿಲ್ಲ. ಸ್ವತಃ ಪೋಲರಾದ ಪೋಪ್ ಎರಡನೆಯ ಜಾನ್ ಪಾವ್ಲರು ಅದೇ ವರ್ಷ ಜೂನಿನಲ್ಲಿ ಅಲ್ಲಿಗೆ ಬಂದಾಗ, ಯೇಸುಸಭೆಯವರ ಹಿಂದಿನ ಇಗರ್ಜಿಯನ್ನು ಗ್ರೀಕ್ ಕಥೋಲಿಕರಿಗೆ ಪ್ರಧಾನಾಲಯವಾಗಿ ನೀಡಬೇಕಾಯಿತು. 2016ರ ಜೂನಿನಲ್ಲೂ ಉಕ್ರೇನಿಯನ್ನರ ಧಾರ್ಮಿಕ ಮೆರವಣಿಗೆಯೊಂದರ ಮೇಲೆ ಇಲ್ಲಿ ದಾಳಿ ನಡೆಯಿತು.

ಅದಾಗಿ ಆರು ವರ್ಷ ತುಂಬುವ ಮೊದಲೇ ಅದೇ ಊರು ರಾತ್ರಿ ಹಗಲು ಉಕ್ರೇನಿಯನ್ನರಿಗೆ ಸೂಪು ಬಡಿಸಿತು. ಸ್ಥಳೀಯ ಉಕ್ರೇನಿಯನ್ ಅಲ್ಪಸಂಖ್ಯಾತರ 'ಉಕ್ರೇನಿಯನ್ ಭವನ' ತಾಯಿ-ಮಕ್ಕಳಿಗೆ ವಸತಿಯಾಯಿತು. ನಿಲ್ದಾಣದಲ್ಲಿ ಭಾಷೆ ತಿಳಿಯದವರಿಗೆ ದುಭಾಷಿಗಳಾಗಿ ನಿಂತವರಲ್ಲಿ ಅವರೂ ಇದ್ದರು. ಹಳೆಯ ಲೆಕ್ಕ ಚುಕ್ತಾ ಆಯಿತೆಂದು ಇದರ ಅರ್ಥವಲ್ಲ. ವೊಲ್ಹೀನಿಯಾದಲ್ಲಿ ಸತ್ತವರ ಅವಶೇಷಗಳ ಪ್ರಶ್ನೆ ಆಮೇಲೂ ಎರಡು ದೇಶಗಳ ನಡುವೆ ಚರ್ಚೆಯಾಗುತ್ತಲೇ ಬಂತು. ಆದರೆ ಲೆಕ್ಕ ತೀರುವವರೆಗೆ ಬಾಗಿಲು ತೆರೆಯುವುದಿಲ್ಲವೆಂದು ಆ ಊರು ಹೇಳಲಿಲ್ಲ.

ನಗರಸಭೆಗೆ ಇಷ್ಟು ಅಧಿಕಾರ ಎಲ್ಲಿಂದ?

ಪೋಲೆಂಡಿನ ಸ್ಥಳೀಯಾಡಳಿತ ನಮ್ಮದಕ್ಕಿಂತ ಭಿನ್ನ. ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ, 1990ರ ಮೇ 27ರಂದು ಅಲ್ಲಿ ಮೊದಲ ಸ್ವತಂತ್ರ ಸ್ಥಳೀಯ ಚುನಾವಣೆ ನಡೆಯಿತು. ಅತ್ಯಂತ ಕೆಳಗಿನ ಘಟಕಕ್ಕೆ 'ಗ್ಮಿನಾ' ಎನ್ನುತ್ತಾರೆ; ಇಡೀ ದೇಶದಲ್ಲಿ ಇಂಥವು ಸುಮಾರು 2,500. ನಮ್ಮಲ್ಲಿ ಮೇಯರನ್ನು ಕೌನ್ಸಿಲರುಗಳು ಆರಿಸಿದರೆ, ಅಲ್ಲಿ 2002ರಿಂದ ಜನರೇ ನೇರವಾಗಿ ಆರಿಸುತ್ತಾರೆ. ಪ್ರಾಥಮಿಕ ಶಾಲೆ, ಶಿಶುವಿಹಾರ, ನೀರು, ನಗರ ಸಾರಿಗೆ, ಬಡವರ ನೆರವು ಎಲ್ಲ ಗ್ಮಿನಾದ ಹೊಣೆ. ಆದ್ದರಿಂದ ಶಾಲೆಯ ಕೊಠಡಿ ತೆರೆಯಲು, ಬಸ್ಸು ಕಳುಹಿಸಲು ಮೇಯರರು ರಾಜಧಾನಿಯ ಕಡೆಗೆ ನೋಡುತ್ತ ಕೂರಬೇಕಿರಲಿಲ್ಲ.

ಆದರೆ ಹಣದ ಚೀಲ ಹೆಚ್ಚಾಗಿ ಮೇಲಿನವರ ಕೈಯಲ್ಲಿತ್ತು. ಮಾರ್ಚ್ 4ರಂದು ಯೂರೋಪಿಯನ್ ಒಕ್ಕೂಟ, 2001ರಲ್ಲೇ ರಚಿಸಿ ಎಂದೂ ಬಳಸದೆ ಇಟ್ಟಿದ್ದ 'ತಾತ್ಕಾಲಿಕ ರಕ್ಷಣೆ'ಯ ನಿಯಮವನ್ನು ಮೊದಲ ಬಾರಿಗೆ ಜಾರಿಗೆ ತಂದಿತು. ಮಾರ್ಚ್ 12ರಂದು ಪೋಲೆಂಡಿನ ಸಂಸತ್ತು ವಿಶೇಷ ಕಾನೂನು ಮಾಡಿತು. ಅದರಂತೆ ನಿರಾಶ್ರಿತರಿಗೆ 'ಪೆಸೆಲ್' ಎಂಬ ಗುರುತಿನ ಸಂಖ್ಯೆ ಸಿಕ್ಕಿತು. ಅದು ಹೆಚ್ಚು ಕಡಿಮೆ ನಮ್ಮ ಆಧಾರ್ ಇದ್ದಂತೆ: ಅದಿದ್ದರೆ ಮಕ್ಕಳ ಭತ್ಯೆ ಮೊದಲಾದ ಸರಕಾರಿ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಕೆಲಸ ಮಾಡುವ ಹಕ್ಕು, ಸರಕಾರಿ ವೈದ್ಯಕೀಯ ಸೇವೆ ಕೂಡ ಆ ಕಾನೂನಿನಿಂದ ಬಂದವು. ಮನೆಯಲ್ಲಿ ಇರಿಸಿಕೊಂಡವರಿಗೆ ತಲಾ ದಿನಕ್ಕೆ 40 ಜ್ಲೋತಿ ಕೊಡಲಾಯಿತು. ಈ ಸಂಖ್ಯೆ ಬರೆದುಕೊಟ್ಟವರು, ಅರ್ಜಿ ಪಡೆದವರು ಊರೂರಿನ ನಗರಸಭೆ, ಗ್ಮಿನಾ ಕಚೇರಿಗಳ ಗುಮಾಸ್ತರು. ವಾರ್ಸಾದಲ್ಲಿ ಸರದಿ ಎಷ್ಟು ಉದ್ದವಾಯಿತೆಂದರೆ ರಾಷ್ಟ್ರೀಯ ಕ್ರೀಡಾಂಗಣದಲ್ಲೇ ಮೇಜುಗಳನ್ನು ಹಾಕಬೇಕಾಯಿತು.

ಮೇಲ್ನೋಟಕ್ಕೆ ಒಣ ಸರಕಾರಿ ಕೆಲಸವೆನಿಸುವ ಇದೇ ನಮ್ಮ ಮಾತಿನ ತಿರುಳು. ಮೊದಲ ರಾತ್ರಿ ಬಾಗಿಲು ತೆರೆಸುವುದು ಕರುಣೆ. ಎರಡನೆಯ ವರ್ಷವೂ ಅದು ಮುಚ್ಚದಂತೆ ಹಿಡಿದುಕೊಳ್ಳುವುದು ಗುಮಾಸ್ತನ ಮೇಜು, ಶಾಲೆಯ ಹಾಜರಿ ಪುಸ್ತಕ, ಆಸ್ಪತ್ರೆಯ ಚೀಟಿ. ಕರುಣೆಯಿಂದ ಸಿಕ್ಕಿದ್ದನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಹಕ್ಕಿನಿಂದ ಸಿಕ್ಕಿದ್ದನ್ನು ಅಷ್ಟು ಸುಲಭವಾಗಿ ಕಸಿಯಲಾಗದು.

ಎಲ್ಲರಿಗೂ ಒಂದೇ ಬಾಗಿಲೇ?

ಇಲ್ಲಿ ನಮ್ಮವರ ಕಥೆಯನ್ನೂ ಹೇಳಬೇಕು. ಉಕ್ರೇನಿನಲ್ಲಿ ಸಾವಿರಾರು ಭಾರತೀಯ ವಿದ್ಯಾರ್ಥಿಗಳಿದ್ದರು, ಹೆಚ್ಚಿನವರು ವೈದ್ಯಕೀಯ ಓದುತ್ತಿದ್ದವರು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಯುವಕನೊಬ್ಬ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದುದನ್ನು ಕರ್ನಾಟಕ ಮರೆತಿಲ್ಲ. ಪೋಲೆಂಡ್ ಭಾರತೀಯ ವಿದ್ಯಾರ್ಥಿಗಳನ್ನು ವೀಸಾ ಇಲ್ಲದೆ ಒಳಗೆ ಬಿಟ್ಟಿತು. 'ಆಪರೇಷನ್ ಗಂಗಾ' ಹೆಸರಿನಲ್ಲಿ ಭಾರತ ಸರಕಾರ ಕಳುಹಿಸಿದ ವಿಮಾನಗಳಲ್ಲಿ ಹಲವು ಝೆಶುಫ್‌ನಿಂದಲೇ ಹೊರಟವು.

ಆದರೆ ಗಡಿಯ ಸರದಿಯಲ್ಲಿ ಬಿಳಿಯರಲ್ಲದವರನ್ನು ಹಿಂದಕ್ಕೆ ತಳ್ಳಿದ ದೂರುಗಳು ಬಂದವು. ಮಾರ್ಚ್ ಮೊದಲ ದಿನಗಳಲ್ಲಿ ಪ್ಶೆಮಿಶ್ಲ್‌ನಲ್ಲೇ ಉಗ್ರ ರಾಷ್ಟ್ರವಾದಿಗಳು ಆಫ್ರಿಕ, ಏಷ್ಯದವರ ಮೇಲೆ ಎರಗಿದರು. ಮೂವರು ಭಾರತೀಯರಿಗೆ ಹೊಡೆತ ಬಿತ್ತೆಂದು ವರದಿಯಾಯಿತು. ನಿರಾಶ್ರಿತರು ಅಪರಾಧ ಮಾಡುತ್ತಿದ್ದಾರೆಂಬ ಗಾಳಿಮಾತು ಅದಕ್ಕೆ ಕಾರಣವಾಗಿತ್ತು. ಅದು ಸುಳ್ಳೆಂದು ಪೊಲೀಸರು ಹೇಳಬೇಕಾಯಿತು. ಅದಕ್ಕೂ ಮುಂಚೆ, 2021ರಲ್ಲಿ, ಬೆಲಾರುಸ್ ಗಡಿಯ ಕಾಡಿನಲ್ಲಿ ಇರಾಕ್, ಸಿರಿಯಾ, ಅಫ್ಘಾನಿಸ್ತಾನದವರನ್ನು ಪೋಲಿಷ್ ಪಡೆಗಳು ಹಿಂದಕ್ಕೆ ಅಟ್ಟುತ್ತಿದ್ದವು. ಆಗಲೂ ಕೆಲವು ಹಳ್ಳಿಗರು ಮನೆಯ ಮುಂದೆ ಹಸಿರು ದೀಪ ಇಟ್ಟು, ಇಲ್ಲಿ ನೆರವಿದೆ ಎಂದು ಸೂಚಿಸಿದರು. ಒಂದೇ ದೇಶ, ಎರಡು ಗಡಿ, ಎರಡು ಬಗೆಯ ಸ್ವಾಗತ. ಮೆಚ್ಚಬೇಕಾದುದನ್ನು ಮೆಚ್ಚುವಾಗ ಇದನ್ನು ಮುಚ್ಚಿಡಬಾರದು.

ಭಾರತ ಕೊಟ್ಟ ಆಸರೆ

ಪೋಲರು ಒಮ್ಮೆ ಇದೇ ಸ್ಥಿತಿಯಲ್ಲಿ ನಮ್ಮ ದೇಶಕ್ಕೆ ಬಂದಿದ್ದರು. 1939ರಲ್ಲಿ ಜರ್ಮನಿಯೂ ಸೋವಿಯತ್ ಒಕ್ಕೂಟವೂ ಪೋಲೆಂಡನ್ನು ಆಕ್ರಮಿಸಿ ಹಂಚಿಕೊಂಡವು. ಸೋವಿಯತ್ ಸರಕಾರ ಸೈಬೀರಿಯ, ಕಝಾಕಿಸ್ತಾನಗಳಿಗೆ ಗಡೀಪಾರು ಮಾಡಿದವರಲ್ಲಿ ಬದುಕುಳಿದ ಮಕ್ಕಳಿಗೆ 1942ರಲ್ಲಿ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟರು. ನಮ್ಮ ಬೆಳಗಾವಿಗೆ ಸಮೀಪದ ಕೊಲ್ಹಾಪುರ ಸಂಸ್ಥಾನದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲರಿದ್ದರು. ಅಲ್ಲಿ ಅವರಿಗೆ ಶಾಲೆ, ಇಗರ್ಜಿ, ಆಸ್ಪತ್ರೆ ಎಲ್ಲ ಇದ್ದವು. ವಾರ್ಸಾದಲ್ಲಿ ಇಂದಿಗೂ 'ಒಳ್ಳೆಯ ಮಹಾರಾಜರ ಚೌಕ' ಇದೆ. ಸಂಸ್ಥಾನಗಳ ಕಾಲದ ಆ ಎರಡು ಆಡಳಿತಗಳೂ ಬಂದವರಿಗೆ ಒಂದು ಹೊತ್ತಿನ ಅನ್ನ ಕೊಟ್ಟು ಕಳುಹಿಸಲಿಲ್ಲ, ವರ್ಷಗಟ್ಟಲೆ ಬಾಳಲು ಜಾಗ ಕೊಟ್ಟವು.

ದಣಿವಿನ ಕಾಲ

ಉತ್ಸಾಹ ಎಷ್ಟು ದಿನ ಉಳಿಯುತ್ತದೆ? ಸಿಬಿಒಎಸ್ ಎಂಬ ಪೋಲಿಷ್ ಸಮೀಕ್ಷಾ ಸಂಸ್ಥೆ 2022ರ ಮಾರ್ಚಿನಲ್ಲಿ ಕೇಳಿದಾಗ ಶೇ. 94 ಜನ ಉಕ್ರೇನಿನ ನಿರಾಶ್ರಿತರನ್ನು ಸ್ವೀಕರಿಸಬೇಕೆಂದರು. 2025ರ ಆರಂಭಕ್ಕೆ ಹಾಗೆ ಹೇಳುವವರು ಸುಮಾರು ಅರ್ಧಕ್ಕಿಳಿದಿದ್ದರು. ಬಾಡಿಗೆ ಏರಿತ್ತು, ವೈದ್ಯರ ಬಳಿ ಸರದಿ ಉದ್ದವಾಗಿತ್ತು, ರಾಜಕೀಯದಲ್ಲಿ 'ನಮ್ಮವರು ಮೊದಲು' ಎಂಬ ಕೂಗು ಬೆಳೆದಿತ್ತು.

ನಿಯಮಗಳೂ ಬಿಗಿಯಾದವು. 2023ರ ಮಾರ್ಚಿನಿಂದ ಸಾಮೂಹಿಕ ವಸತಿಗಳಲ್ಲಿ 120 ದಿನಕ್ಕಿಂತ ಹೆಚ್ಚು ಕಾಲ ಇರುವವರು ಖರ್ಚಿನ ಅರ್ಧ ಭಾಗ ಭರಿಸಬೇಕಾಯಿತು. ಚಿಕ್ಕಮಕ್ಕಳ ತಾಯಂದಿರು, ವೃದ್ಧರು, ಅಂಗವಿಕಲರಂಥವರಿಗೆ ವಿನಾಯಿತಿ ಇತ್ತು. 2024ರ ಜುಲೈ 1ರಿಂದ ಮನೆಯವರಿಗೆ ಕೊಡುತ್ತಿದ್ದ 40 ಜ್ಲೋತಿ ನಿಂತಿತು. ಅದೇ ಸೆಪ್ಟೆಂಬರಿನಿಂದ ಉಕ್ರೇನಿನ ಮಕ್ಕಳಿಗೆ ಪೋಲಿಷ್ ಶಾಲೆ ಕಡ್ಡಾಯವಾಯಿತು. 2025ರ ಆಗಸ್ಟಿನಲ್ಲಿ ಅಧ್ಯಕ್ಷ ಕರೋಲ್ ನವ್ರೋತ್ಸ್ಕಿ ನೆರವು ಮುಂದುವರಿಸುವ ಮಸೂದೆಗೆ ಸಹಿ ಹಾಕಲಿಲ್ಲ. ಮಕ್ಕಳ ಭತ್ಯೆಯನ್ನು ತಂದೆತಾಯಿಯ ದುಡಿಮೆಗೆ ಜೋಡಿಸಿದ ಹೊಸ ಕಾನೂನಿಗೆ ಮರುತಿಂಗಳು ಸಹಿ ಹಾಕಿದರು.

ಇವುಗಳಲ್ಲಿ ಕೆಲವು ನ್ಯಾಯವೇ. ಆರೋಗ್ಯವಂತರು ದುಡಿಯಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಆದರೆ ದುಡಿಯಲಾಗದ ಮುದುಕಿಯನ್ನೂ ಅಂಗವಿಕಲ ಮಗುವನ್ನೂ ಅದೇ ಅಳತೆಯಲ್ಲಿ ಅಳೆಯಬಾರದು. ಆ ಮುದುಕಿ ಯಾರು, ಯಾವ ಬೀದಿಯಲ್ಲಿದ್ದಾಳೆ ಎಂಬುದು ರಾಜಧಾನಿಗಿಂತ ಊರಿನ ಕಚೇರಿಗೇ ಚೆನ್ನಾಗಿ ಗೊತ್ತಿರುತ್ತದೆ. ಜನರ ಮನಸ್ಸು ತಣ್ಣಗಾದಾಗಲೂ ಸ್ಥಳೀಯಾಡಳಿತಕ್ಕೆ ಕೆಲಸ ಉಳಿಯುವುದು ಇದರಿಂದಲೇ.

ನಮ್ಮ ಧರ್ಮಕೇಂದ್ರಗಳಿಗೆ

ಪೋಪ್ ಫ್ರಾನ್ಸಿಸರು 2018ರ ವಲಸಿಗರ ದಿನದ ಸಂದೇಶದಲ್ಲಿ ನಾಲ್ಕು ಕ್ರಿಯಾಪದಗಳನ್ನು ಮುಂದಿಟ್ಟಿದ್ದರು: ಬರಮಾಡಿಕೊಳ್ಳುವುದು, ರಕ್ಷಿಸುವುದು, ಬೆಳೆಯಲು ನೆರವಾಗುವುದು, ಒಂದಾಗಿಸುವುದು. ಮೊದಲನೆಯದು ಒಂದು ರಾತ್ರಿಯ ಕೆಲಸ, ಉಳಿದ ಮೂರು ವರ್ಷಗಳ ಕೆಲಸ. ಪ್ಶೆಮಿಶ್ಲ್ ಮೊದಲನೆಯದನ್ನು ಲೋಕ ಮೆಚ್ಚುವಂತೆ ಮಾಡಿತು. ಉಳಿದ ಮೂರರಲ್ಲಿ ಅದೂ ಇಡೀ ಪೋಲೆಂಡೂ ಇನ್ನೂ ತಿಣುಕುತ್ತಿವೆ.

ನಮ್ಮ ಕರಾವಳಿಗೆ ಯುದ್ಧದಿಂದ ಓಡಿಬಂದವರ ರೈಲು ಬರುತ್ತಿಲ್ಲ. ಆದರೆ ನೆರೆ ಬಂದಾಗ ಶಾಲೆಗಳಲ್ಲಿ ಗಂಜಿ ಕೇಂದ್ರ ತೆರೆಯುತ್ತೇವೆ. ಬಂದರುಗಳಲ್ಲೂ ಕಟ್ಟಡದ ಕೆಲಸಗಳಲ್ಲೂ ಒಡಿಶಾ, ಝಾರ್ಖಂಡಿನಿಂದ ಬಂದ ಕುಟುಂಬಗಳಿವೆ. ಅವರ ಮಗುವಿಗೆ ಶಾಲೆಯಲ್ಲಿ ಹೆಸರು ಬರೆಸಲು, ರೇಷನ್ ಕಾರ್ಡಿನ ಅರ್ಜಿ ತುಂಬಲು, ಪಂಚಾಯತಿಗೆ ಜೊತೆಯಲ್ಲಿ ಹೋಗಲು ವಾಳೆಯ ಗುರಿಕಾರರೊಬ್ಬರು ಸಿದ್ಧರಿದ್ದರೆ ಸಾಕು, ಕೆಲಸ ಆರಂಭವಾದಂತೆ. ಒಂದು ಹೊತ್ತಿನ ಊಟ ಹಂಚಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಅದು ಹೆಚ್ಚು ಕಾಲ ಬಾಳುತ್ತದೆ. ಮುಂದಿನ ಪಾಲನಾ ಪರಿಷತ್ತಿನ ಸಭೆಯಲ್ಲಿ ಈ ವಿಷಯವನ್ನು ಒಮ್ಮೆ ಚರ್ಚೆಗೆ ತನ್ನಿರೆಂದು ನಮ್ಮ ವಿನಂತಿ.