ಪರದೆಯೊಳಗೇ ಹೋದ ಹುಡುಗ

ಟಾಕೀಸಿನ ಕತ್ತಲಲ್ಲಿ ಕೂತು ಒಂಟಿತನ ಮರೆತ ಮಕ್ಕಳು ಮೈಸೂರಲ್ಲಿ ಬೇಕಾದಷ್ಟು. ಆದರೆ ಪರದೆಯೊಳಗೇ ಹೋಗಿಬಿಟ್ಟ ಹುಡುಗನೊಬ್ಬ ಇದ್ದ. ಹೆಸರು ಸಾಬು.

ಹುಟ್ಟಿದ್ದು 1924ರಲ್ಲಿ, ಕಬಿನಿ ಸೀಮೆಯ ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ಅಮ್ಮನನ್ನ ಕೂಸಿದ್ದಾಗಲೇ ಕಳಕೊಂಡ. ಕೆಲವೇ ವರ್ಷಕ್ಕೆ ಅಪ್ಪನೂ ತೀರಿಹೋದ. ಉಳಿದದ್ದು ಅಣ್ಣ, ಮತ್ತೆ ಅರಮನೆಯ ಆನೆಲಾಯ.

1935ರಲ್ಲಿ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ಕಿಪ್ಲಿಂಗ್ ಬರೆದ ಕಥೆಯನ್ನ 'ಎಲಿಫೆಂಟ್ ಬಾಯ್' ಅಂತ ಸಿನಿಮಾ ಮಾಡೋಕೆ ಒಬ್ಬ ಮಾವುತನ ಮಗ ಬೇಕಿತ್ತು. ಸಿಕ್ಕಿದ್ದು ಸಾಬು. ನಟನೆ ಕಲಿತವನಲ್ಲ, ಆದರೆ ಆನೆ ಬೆನ್ನೇರಿದರೆ ಇವನೇ ರಾಜ!

ಈಗ ಇದನ್ನ ಕೇಳಿ. ಆ ಸಿನಿಮಾದಲ್ಲೂ ಹುಡುಗನ ಅಪ್ಪ ಮಾವುತ. ಅಲ್ಲೂ ಅಪ್ಪ ಸಾಯ್ತಾನೆ. ಅಲ್ಲೂ ಹುಡುಗನಿಗೆ ಆನೆಯೇ ಗತಿ. ಅಂದ್ರೆ, ತಾನು ಪಟ್ಟ ದುಃಖವನ್ನೇ ಆ ಮಗು ಕ್ಯಾಮೆರಾ ಮುಂದೆ ಮತ್ತೆ ಪಡಬೇಕಿತ್ತು. ಸಮಾಧಾನವೋ, ಹಿಂಸೆಯೋ? 'ಅದೃಷ್ಟವಂತ' ಅಂತ ಒಂದೇ ಮಾತಲ್ಲಿ ಮುಗಿಸೋರು ಇದನ್ನ ಯೋಚಿಸೋದೇ ಇಲ್ಲ.

1937ರಲ್ಲಿ ಸಿನಿಮಾ ಬಂತು, ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಗೆದ್ದಿತು. ಆಮೇಲೆ 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್', 1942ರಲ್ಲಿ 'ಜಂಗಲ್ ಬುಕ್'. ಅದರಲ್ಲಿ ಇವನೇ ಮೌಗ್ಲಿ! ಮುಂದೆ ಅಮೆರಿಕದ ಪ್ರಜೆಯಾದ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆದ. 1963ರಲ್ಲಿ ಹೃದಯಾಘಾತ. ವಯಸ್ಸು ಬರೀ 39.

'ಎಲಿಫೆಂಟ್ ಬಾಯ್' ಸಿಕ್ಕರೆ ನೋಡಿ. ಅರ್ಧ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತೆಗೆದದ್ದು, ಕಥೆಯೂ ಸ್ವಲ್ಪ ಹಳಸಲು. ಆದರೆ ಆನೆ ಜೊತೆ ಸಾಬು ಬರೋ ದೃಶ್ಯ ಇದೆಯಲ್ಲ, ಅಲ್ಲಿ ಫಾರ್ವರ್ಡ್ ಮಾಡಬೇಡಿ.