ಕಣ್ಣಿಗೆ ಕಾಣದ ಸ್ವಿಚ್ಚು

ಸ್ವಿಚ್ಚು ಎಂದೊಡನೆ ನಮಗೆ ನೆನಪಾಗುವುದು ಗೋಡೆಯ ಮೇಲಿನ ಗುಂಡಿ. ಗಣಕಗಳ ಜಾಲದಲ್ಲಿ ಅದರ ಕೆಲಸವೇ ಬೇರೆ. ಮಾಹಿತಿಯ ಕಟ್ಟುಗಳನ್ನು ವಿಳಾಸ ನೋಡಿ ಸರಿಯಾದ ತಂತಿಗೆ ದಾಟಿಸುವ ಪೆಟ್ಟಿಗೆ ಅದು. ಈಗ ಒಂದೇ ಯಂತ್ರದೊಳಗೆ ಹತ್ತಾರು ಗಣಕಗಳು ತಂತ್ರಾಂಶದ ರೂಪದಲ್ಲೇ ಓಡುತ್ತವೆ. ಅವುಗಳ ನಡುವೆ ತಂತಿ ಎಳೆಯುವುದೆಲ್ಲಿ? ಹೀಗಾಗಿ ಸ್ವಿಚ್ಚೂ ತಂತ್ರಾಂಶವಾಯಿತು.

ಇವುಗಳಲ್ಲಿ ಹೆಸರಾದದ್ದು ‘ಓಪನ್ ವಿಸ್ವಿಚ್’. ಅಮೆರಿಕದ ನಿಸಿರಾ ಕಂಪನಿಯಲ್ಲಿ ಹುಟ್ಟಿದ ಇದು 2016ರಿಂದ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಬೆಲೆಯಿಲ್ಲ. ಇದಕ್ಕೆ ಮೂರು ಅಂಗಗಳು. ಯಾವ ಸೇತುವೆಗೆ ಯಾವ ಕಿಂಡಿ ಸೇರಿದೆ ಎಂದು ಬರೆದಿಡುವ ದತ್ತಸಂಚಯ ಒಂದು. ಕಟ್ಟು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಕಾರ್ಯಕ್ರಮ ಇನ್ನೊಂದು. ಲಿನಕ್ಸ್ ಕರ್ನಲ್ಲಿನೊಳಗೆ ಕುಳಿತು ಆ ತೀರ್ಮಾನದಂತೆ ಕಟ್ಟುಗಳನ್ನು ವೇಗವಾಗಿ ಸಾಗಿಸುವ ಭಾಗ ಮೂರನೆಯದು. ಹೊಸ ಮಾತುಕತೆಯ ಮೊದಲ ಕಟ್ಟು ಮಾತ್ರ ಮೇಲಿನವರ ಅಪ್ಪಣೆ ಕೇಳುತ್ತದೆ. ಉಳಿದವು ಹಿಂದೆಯೇ ನಡೆಯುತ್ತವೆ.

ಸ್ಥಾಪನೆ ಸುಲಭ. ತೊಡಕಿರುವುದು ಯಂತ್ರದ ನಿಜವಾದ ಜಾಲಕಿಂಡಿಯನ್ನು ಸೇತುವೆಗೆ ಸೇರಿಸುವಾಗ. ಸೇರಿಸಿದೊಡನೆ ಆ ಕಿಂಡಿಗೆ ಕೊಟ್ಟಿದ್ದ ಐಪಿ ವಿಳಾಸ ಕೆಲಸ ಮಾಡದು. ಅದನ್ನು ಸೇತುವೆಯ ಹೆಸರಿಗೆ ವರ್ಗಾಯಿಸಬೇಕು. ಇದನ್ನು ಮರೆತು ದೂರದ ಊರಿನಿಂದ ಅದೇ ಕಿಂಡಿಯ ಮೂಲಕ ಕೆಲಸ ಮಾಡುತ್ತಿದ್ದರೆ, ಕೂತ ಕೊಂಬೆಯನ್ನೇ ಕಡಿದಂತೆ. ಯಂತ್ರದ ಮುಂದೆ ಕೂತು ಮಾಡಿ, ಇಲ್ಲವೇ ಬೇರೊಂದು ತಂತಿಯ ದಾರಿ ಇಟ್ಟುಕೊಳ್ಳಿ.

ಹೊಸ ಆವೃತ್ತಿಗೆ ಏರಿಸುವಾಗ ಮೊದಲು ದತ್ತಸಂಚಯದ ಪ್ರತಿ ತೆಗೆದಿಡಿ. ಹೊಸ ಆವೃತ್ತಿ ಅದರ ವಿನ್ಯಾಸವನ್ನೇ ಬದಲಿಸಬಹುದು. ಆಮೇಲೆ ಹಳೆಯದಕ್ಕೆ ಮರಳಬೇಕಾದರೆ ಈ ಪ್ರತಿಯೇ ಗತಿ. ಮೇಲಿನ ಎರಡು ಅಂಗಗಳನ್ನು ನಿಲ್ಲಿಸಿ ಮತ್ತೆ ಹೊರಡಿಸಲು ಕ್ಷಣಗಳು ಸಾಕು. ಆಗ ನಡೆಯುತ್ತಿದ್ದ ಮಾತುಕತೆ ಕರ್ನಲ್ಲಿನಲ್ಲಿ ಸಾಮಾನ್ಯವಾಗಿ ಮುಂದುವರಿಯುತ್ತದೆ, ಹೊಸದು ಮಾತ್ರ ಕಾಯುತ್ತದೆ. ಇದಕ್ಕೆಂದೇ ಇರುವ ಆಜ್ಞೆ, ಸಾಗಣೆಯ ನಿಯಮಗಳನ್ನು ಉಳಿಸಿ ಮತ್ತೆ ತುಂಬುತ್ತದೆ. ಬರಿದೇ ಪ್ರಕ್ರಿಯೆಯನ್ನು ಕೊಂದರೆ ಈ ಸೌಲಭ್ಯವಿಲ್ಲ.

ಮೂರನೆಯ ಅಂಗದ ಮಾತು ಬೇರೆ. ಅದು 2012ರಲ್ಲಿ ಕರ್ನಲ್ 3.3ರೊಳಗೇ ಸೇರಿತು, 2022ರ 3.0 ಆವೃತ್ತಿಯಿಂದ ಓಪನ್ ವಿಸ್ವಿಚ್ ತನ್ನದೇ ಪ್ರತಿ ಕೊಡುವುದನ್ನೂ ನಿಲ್ಲಿಸಿತು. ಹಾಗಾಗಿ ಅದನ್ನು ಬದಲಿಸುವುದೆಂದರೆ ಕರ್ನಲ್ಲನ್ನೇ ಬದಲಿಸಿ ಯಂತ್ರವನ್ನು ಮರುಚಾಲನೆ ಮಾಡುವುದು. ಸ್ಟುಡಿಯೋದಲ್ಲಿ ಪ್ರಸಾರವನ್ನು ಮತ್ತೊಂದು ಸಾಲಿಗೆ ಹೊರಳಿಸದೆ ಮಿಕ್ಸರಿಗೆ ಕೈಹಾಕುವವರುಂಟೇ? ಒಳಗಿನ ಗಣಕಗಳನ್ನು ಮೊದಲು ಇನ್ನೊಂದು ಯಂತ್ರಕ್ಕೆ ಸಾಗಿಸಿ.

ಎಲ್ಲ ಮುಗಿದ ಮೇಲೆ ಆವೃತ್ತಿಯ ಸಂಖ್ಯೆಯನ್ನು ಓಡುತ್ತಿರುವ ಕಾರ್ಯಕ್ರಮವನ್ನೇ ಕೇಳಿ ನೋಡಿ. ಡಿಸ್ಕಿನಲ್ಲಿ ಹೊಸದು ಕೂತಿದ್ದರೂ ಸ್ಮೃತಿಯಲ್ಲಿ ಹಳೆಯದೇ ಓಡುತ್ತಿರಬಹುದು.